ಕುತ್ತಿಗೆ ತಿಕ್ಕಬೇಡ, ಅದು ಕೊಳೆಯಲ್ಲ

ಪುಟ್ಟಿ,

ಎದುರಿಗೆ ಕೂರಿಸಿ ಹೇಳಿದರೆ "ಗೊತ್ತಮ್ಮಾ" ಅಂತ ಎದ್ದು ಹೋಗ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಮನೆಯಲ್ಲಿ ಆ ಅತ್ತೆ "ಇನ್ನೂ ಎಂಟನೇ ಕ್ಲಾಸು, ಆಗಲೇ ಇಷ್ಟು ದಪ್ಪನಾ" ಅಂದಾಗಿನಿಂದ ನೀನು ಬೆಳಗಿನ ತಿಂಡಿ ಬಿಟ್ಟಿದ್ದೀಯ. ಡಬ್ಬಿಯಲ್ಲಿ ಹಾಕಿದ ದೋಸೆ ಚಟ್ನಿಯಲ್ಲಿ ನೆನೆದು ಹಾಗೇ ವಾಪಸ್ ಬರುತ್ತಿದೆ. ಊರವರ ಬಾಯಿಗೆ ಬೀಗ ಹಾಕೋಕೆ ಆಗಲ್ಲ, ಹಾಗಂತ ನೀನು ಹಸಿದುಕೊಂಡು ಇರಬೇಡ. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದವಳು ಸಂಜೆ ಬಂದು ಚಿಪ್ಸ್ ಪ್ಯಾಕೆಟ್ ಒಡೆಯದೆ ಇನ್ನೇನು ಮಾಡ್ತಾಳೆ, ಅಲ್ವಾ?

ನಿನ್ನ ಕುತ್ತಿಗೆಯ ಹಿಂದೆ ಕಪ್ಪಾಗಿದೆಯಲ್ಲ, ಅಜ್ಜಿ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿದ ಜಾಗ, ಡಾಕ್ಟರ್ ತೂಕಕ್ಕಿಂತ ಮೊದಲು ನೋಡಿದ್ದು ಅದನ್ನೇ. ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ ಆದಾಗ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡೋ ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳಲ್ಲ, ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಆ ಹೆಚ್ಚಿನ ಇನ್ಸುಲಿನ್ನಿಂದಲೇ ಅಲ್ಲಿನ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ತಿಕ್ಕಿದರೆ ಉರಿ ಬರುತ್ತೆ ಅಷ್ಟೇ. ಹೀಗೇ ಬಿಟ್ಟರೆ ಟೈಪ್ 2 ಸಕ್ಕರೆ ಕಾಯಿಲೆ, ಲಿವರ್‌ನಲ್ಲಿ ಕೊಬ್ಬು, ಬಿಪಿ, ಮುಟ್ಟಿನ ಏರುಪೇರು ಬರಬಹುದು. ದೊಡ್ಡವರ ಕಾಯಿಲೆ ಅಂತಿದ್ದದ್ದೆಲ್ಲ ಈಗ ಹೈಸ್ಕೂಲ್ ಮಕ್ಕಳಿಗೂ ಬರುತ್ತಿದೆ. ಹೆದರಬೇಡ. ನೀನು ಇನ್ನೂ ಎತ್ತರ ಬೆಳೆಯುತ್ತಿದ್ದೀಯ, ತೂಕ ಈಗಿರುವಷ್ಟರಲ್ಲೇ ನಿಂತರೂ ಎಷ್ಟೋ ಸರಿಹೋಗುತ್ತದೆ.

2025ರಲ್ಲಿ ಸಿಬಿಎಸ್‌ಇ ಹೇಳಿದ ಮೇಲೆ ನಿಮ್ಮ ಶಾಲೆಯಲ್ಲೂ ಯಾವ ತಿಂಡಿ, ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ತೋರಿಸೋ ಸಕ್ಕರೆ ಬೋರ್ಡ್ ಹಾಕಿದರು, ಬಣ್ಣ ಹಚ್ಚಿದ್ದು ನೀನೇ! 300 ಎಂಎಲ್ ಕೋಲಾದಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇನ್ನು ಮೇಲೆ ಅದು ಮನೆಗೆ ಬರಲ್ಲ. ನಿನಗೊಬ್ಬಳಿಗೇ ಪಥ್ಯ ಅಂದುಕೊಳ್ಳಬೇಡ, ಅಪ್ಪನಿಗೂ ಇಲ್ಲ, ಕಡ್ಡಿಯಂತಿರುವ ನಿನ್ನ ತಮ್ಮನಿಗೂ ಇಲ್ಲ. ತೂಕದ ಮಷೀನ್ ಅಟ್ಟಕ್ಕೆ ಹಾಕಿದ್ದೇನೆ, ದಿನಾ ಹತ್ತಿ ನೋಡಿ ಮುಖ ಸಪ್ಪೆ ಮಾಡಿಕೊಳ್ಳೋದು ಸಾಕು.

ನಿನ್ನ ವಯಸ್ಸಿನವರು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನಿಮ್ಮ ಪಿಟಿ ಪೀರಿಯಡ್ಡನ್ನು ಗಣಿತದವರು ತಗೋತಾರೆ, ಉಳಿದಿದ್ದನ್ನು ಟ್ಯೂಷನ್ ನುಂಗುತ್ತೆ, ಆಡೋದು ಯಾವಾಗ? ಟ್ಯೂಷನ್ ಮಿಸ್ ಹತ್ತಿರ ಮಾತಾಡಿದ್ದೇನೆ, ಇನ್ನು ಆರೂವರೆಗೆ ಹೋದರೆ ಸಾಕು. ಐದರಿಂದ ಆರರವರೆಗೆ ಶಟಲ್ ಆಡು, ಪಕ್ಕದ ಮನೆಯವರೂ ಬರ್ತಾರಂತೆ. ನಿನ್ನ ಬ್ಯಾಟಿನ ದಾರ ಕಿತ್ತುಹೋಗಿದೆ, ಶನಿವಾರ ಹಾಕಿಸಿಕೊಂಡು ಬರೋಣ.

ನಿನ್ನ ಅಮ್ಮ