ಸೇಫ್ ತೆಗೆದದ್ದು ನಾನಲ್ಲ

ಹೋದ ರವಿವಾರ ನನಗೆ ಎಪ್ಪತ್ತೈದು ತುಂಬಿತು. ಬೆಳಗಾವಿ ಕ್ಯಾಂಪಿನ ಮಿಲಿಟರಿ ಮಹಾದೇವನಿಗೆ ಕೈಮುಗಿದು ಬಂದು, ಉಂಡು ಮಲಗಬೇಕು ಅಂತಿದ್ದೆ. ಮಗಳು, ಸೊಸೆ ಕೂಡಿ ನನಗೆ ಸುಳಿವೇ ಕೊಡದೆ ಹಳೆಯ ಪ್ಲಟೂನಿನವರನ್ನು ಟಿಳಕವಾಡಿಯ ಮನೆಗೆ ಕರೆಸಿಬಿಟ್ಟಿದ್ದರು. ಹುಕ್ಕೇರಿ, ಚಿಕ್ಕೋಡಿ, ಕೊಲ್ಹಾಪುರ ಕಡೆಯ ಆರು ಮುದುಕರು! ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಧನ್ಯವಾದ. ಒಬ್ಬೊಬ್ಬರಿಗೂ ಬರೆಯಲು ಈಗ ಕಣ್ಣು ಕೇಳುವುದಿಲ್ಲ. ಈ ನಾಲ್ಕು ಸಾಲು ಮಾತ್ರ ಆ ಆರು ಜನರಿಗೆ, ಮತ್ತು ಬರಲು ಈಗ ಇಲ್ಲದ ನಮ್ಮ ಹವಾಲ್ದಾರರಿಗೆ.

1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ನಡೆದಾಗ ನಾನು 22ರ ಹರೆಯದ ಸೆಕೆಂಡ್ ಲೆಫ್ಟಿನೆಂಟ್. 1 ಮರಾಠಾ ಲೈಟ್ ಇನ್‌ಫಂಟ್ರಿ, ಅಂದರೆ ಜಂಗಿ ಪಲ್ಟನ್. ಪ್ಲಟೂನ್ ಹೆಸರಿಗೆ ನನ್ನದು, ನಡೆಸುತ್ತಿದ್ದವರು ಖಾನಾಪುರ ಕಡೆಯ ಆ ಹವಾಲ್ದಾರರು. ಬ್ರಹ್ಮಪುತ್ರ ದಾಟಿ, ಜಮಾಲ್‌ಪುರದ ಹಿಂದೆ, ಟಾಂಗೈಲ್‌ಗೆ ಹೋಗುವ ರಸ್ತೆಗೆ ಅಡ್ಡ ಕುಳಿತಿದ್ದೆವು. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಬರೆದ ಪತ್ರವನ್ನು ಮುದುಕ ರೈತನೊಬ್ಬ ಊರೊಳಗಿನ ಪಾಕಿಸ್ತಾನಿ ಪಡೆಗೆ ಒಯ್ದು ಕೊಟ್ಟಿದ್ದ. ಉತ್ತರದ ಕಾಗದದೊಳಗೆ ಒಂದು ಗುಂಡು ಸುತ್ತಿಟ್ಟಿದ್ದರು. ಸುದ್ದಿ ಕೇಳಿ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ.

10ರ ರಾತ್ರಿ ಅವರು ಹೊರಬಿದ್ದರು. ನನ್ನ ಕಾರ್ಬೈನಿನ ಮೊದಲ ಗುಂಡೇ ಪ್ಲಟೂನಿಗೆ ಸನ್ನೆ, ಅಲ್ಲಿಯವರೆಗೆ ಯಾರೂ ಹೊಡೆಯುವಂತಿಲ್ಲ. ಮೊದಲು ಬೂಟಿನ ಸಪ್ಪಳ, ಆಮೇಲೆ ಯಾರೋ ಕೆಮ್ಮಿದ್ದು. ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಅಂಗೈ ಬೆವರಿ ಲೋಹ ಜಾರುತ್ತಿತ್ತು. ಕತ್ತಲಲ್ಲಿ ಪಕ್ಕದಿಂದ ಒಂದು ಒರಟು ಹೆಬ್ಬೆರಳು ಬಂದು ನನ್ನ ಬೆರಳು ಸರಿಸಿ, ಗುಂಡು ಹಾರದಂತೆ ತಡೆಯುವ ‘ಸೇಫ್’ ಲೀವರ್ ತಿರುಗಿಸಿತು. ‘ಕಟ್’. ಕಿವಿಯಲ್ಲಿ ಪಿಸುಮಾತು: “ಈಗ ಹೊಡೀರಿ, ಸಾಹೇಬ್ರ.”

ಆ ರಾತ್ರಿಯ ಉಳಿದದ್ದು ಬರೆಯಲು ನನಗೆ ಮನಸ್ಸಿಲ್ಲ. ನನ್ನವರಲ್ಲಿ ಇಬ್ಬರು ಬೆಳಗು ಕಾಣಲಿಲ್ಲ. ಅವರ ಮನೆಗೆ ನಾನು ಬರೆದ ಇಂಗ್ಲಿಷ್ ಪತ್ರ ನೋಡಿ ಹವಾಲ್ದಾರರು ಕೇಳಿದ್ದು ಇಷ್ಟೇ: “ಅವ್ರ ಅವ್ವಗ ಇದು ತಿಳೀತೈತೇನ್ರಿ?” ಅವರ ಮಗ್ಗುಲಲ್ಲೇ ಕೂತು ಕನ್ನಡದಲ್ಲಿ ಬರೆದೆ, ಇನ್ನೊಂದನ್ನು ಮರಾಠಿಯಲ್ಲಿ ಅವರೇ ಹೇಳಿ ಬರೆಸಿದರು.

ಬೆಳಿಗ್ಗೆ ಕಂಪನಿ ಕಮಾಂಡರ್ ನನ್ನ ಬೆನ್ನು ತಟ್ಟಿದರು. ಅಷ್ಟು ಹತ್ತಿರ ಬರುವವರೆಗೆ ತಡೆದೆಯಲ್ಲ, ಭಲೇ ಎಂದರು. ಹವಾಲ್ದಾರರು ಹಾಗೆಂದೇ ವರದಿ ಕೊಟ್ಟಿದ್ದರು. ನಾನು ಬಾಯಿ ಬಿಡಲಿಲ್ಲ. ಆ ಹೊಗಳಿಕೆಯನ್ನು ಐವತ್ತು ವರ್ಷದ ಮೇಲೆ ಉಟ್ಟುಕೊಂಡು ತಿರುಗಿದ್ದೇನೆ, ಹವಾಲ್ದಾರರು ತೀರಿಕೊಂಡ ಮೇಲೂ.

ರವಿವಾರ, ಕುಂದಾ ತಿನ್ನುತ್ತ, ಆರೂ ಜನರ ಮುಂದೆ ಹೇಳಿಬಿಟ್ಟೆ. ಚಿಕ್ಕೋಡಿಯ ನಮ್ಮ ಎಲ್‌ಎಂಜಿ (ಲೈಟ್ ಮಷಿನ್ ಗನ್) ಗನ್ನರ್ ಚಮಚ ಕೆಳಗಿಟ್ಟ. “ನಾ ನಿಮ್ಮಿಂದ ಎರಡ ಮಾರು ದೂರ ಇದ್ದೆ, ಸಾಹೇಬ್ರ. ಆ ‘ಕಟ್’ ನನಗೂ ಕೇಳಿಸಿತ್ತು.” ಉಳಿದವರು ತಾಟು ನೋಡುತ್ತಿದ್ದರು. ಗನ್ನರ್ ಅವರಿಗೆಲ್ಲ ಅವತ್ತೇ ಹೇಳಿದ್ದನಂತೆ.

ಅದು ಗೊತ್ತಿದ್ದೂ, ಆ ಕಾಳಗದ ಮರುದಿನವೂ ಆ ಮುಂದಿನ ದಿನವೂ ನನ್ನ ಮಾತಿಗೆ ಎದ್ದು ನಡೆದವರು ಇವರೇ. ಊಟವಾದ ಮೇಲೆ ಮಗಳು ಕೇಕ್ ಕತ್ತರಿಸಲು ಚಾಕು ಕೊಟ್ಟಳು. ಹಿಂದಿನಿಂದ ಯಾರೋ ಅಂದರು: “ಸೇಫ್ ತಗದಾರೇನ್ ನೋಡ್ರೊ!”