ಕಲ್ಲು ಸುರಿಯುವ ಮೊದಲು ಮರಳಿನ ಲೆಕ್ಕ ಕೇಳಿ

ಮಾನ್ಯರೇ,

ಕಡಲ್ಕೊರೆತ ತಡೆಯಲು ಇನ್ನಷ್ಟು ಕಲ್ಲಿನ ತಡೆಗೋಡೆ ಬೇಕೆಂಬ ಬೇಡಿಕೆಯ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮಲ್ಲೇಶ್ವರದಲ್ಲಿ ಕೂತವಳಿಗೆ ಕಡಲಿನ ಉಸಾಬರಿ ಏಕೆ ಎನ್ನಬೇಡಿ. ನನ್ನ ತವರು ದಕ್ಷಿಣ ಕನ್ನಡದ ಕಡಲತೀರದಲ್ಲಿ, ಸೋಮೇಶ್ವರದ ಬಳಿಯ ಉಚ್ಚಿಲ. ಅಲ್ಲಿನ ತೀರಕ್ಕೆ ದುಡ್ಡು ಮಂಜೂರಾಗುವುದು ಇಲ್ಲಿ, ವಿಧಾನಸೌಧದಲ್ಲಿ.

ಅಕ್ಕನ ಮನೆಯೆದುರು ಗೋಡೆ ಹಾಕಿದರು. ಮನೆ ಉಳಿಯಿತು, ನಿಜ. ಆದರೆ ಗೋಡೆ ಮುಗಿಯುವಲ್ಲಿಂದಾಚೆ ನೆರೆಯವರ ತೆಂಗಿನ ತೋಟದ ಅಂಚು ಕುಸಿದು ಬೇರುಗಳು ಗಾಳಿಗೆ ಜೋತಾಡಿದವು. ದೋಣಿ ಎಳೆದಿಡುತ್ತಿದ್ದ ಮರಳ ಹಾಸು ಇಲ್ಲವಾಯಿತು. ಕೆಳಸಾಲಿನ ಬಂಡೆಗಳು ಹೂತುಹೋಗಿ ಮೇಲಿನವು ಜಾರಿದವು. ಮತ್ತೆ ಕಲ್ಲಿನ ಲಾರಿ ಬಂತು.

ಇದು ಹಣೆಬರಹವಲ್ಲ. ಆಳ ಸಮುದ್ರದಲ್ಲಿ ಅಲೆ ಸಾಗುವಾಗ ನೀರು ಇದ್ದಲ್ಲೇ ಸುತ್ತುತ್ತದೆ, ಮುಂದೆ ಹೋಗುವುದು ಶಕ್ತಿ ಮಾತ್ರ. ನೀರಿನ ಆಳವು ಅಲೆಯುದ್ದದ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗಿರುವ ದೂರದ, ಅರ್ಧಕ್ಕಿಂತ ಕಡಿಮೆಯಾದಾಗ ಅದಕ್ಕೆ ತಳ ತಾಗುತ್ತದೆ, ವೇಗ ತಗ್ಗುತ್ತದೆ, ಎತ್ತರ ಏರುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಮುರಿದು ಬೀಳುತ್ತದೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 3 ಮೀಟರಿನ ಮಳೆಗಾಲದ ಅಲೆಗೆ 1 ಮೀಟರಿನದ್ದಕ್ಕಿಂತ ಒಂಬತ್ತು ಪಟ್ಟು ಬಲ. ಅದು ದಂಡೆಯ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತದೆ. ಮುಂದಿನ ದೊಡ್ಡ ಅಲೆಗಳು ಆ ದಿಬ್ಬದ ಮೇಲೆಯೇ ಮುರಿಯುತ್ತವೆ, ಊರಿಗೆ ತಲುಪುವಷ್ಟರಲ್ಲಿ ಸೋತಿರುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ದಡಕ್ಕೆ ತಳ್ಳುತ್ತವೆ. ತೀರ ಕಾಯುವ ಕೆಲಸ ಮರಳಿನದೇ.

ಇಳಿಜಾರು ಮರಳು ಹತ್ತುವ ಅಲೆ ದಣಿಯುತ್ತದೆ, ಅದರ ನೀರು ಅಲ್ಲೇ ಇಂಗುತ್ತದೆ. ಕಲ್ಲಿಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಗೋಡೆಯ ಬುಡವನ್ನೇ ತೋಡುತ್ತದೆ. ಇದರ ಜೊತೆಗೆ ಓರೆಯಾಗಿ ಬರುವ ಅಲೆಗಳು ಮರಳನ್ನು ತೀರದುದ್ದಕ್ಕೂ ಸಾಗಿಸುತ್ತಲೇ ಇರುತ್ತವೆ. ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಬ್ರೇಕ್‌ವಾಟರ್, ಅಂದರೆ ಕಡಲೊಳಕ್ಕೆ ಚಾಚಿದ ಕಲ್ಲಿನ ಒಡ್ಡು, ಕಟ್ಟಿದರೆ ಮರಳು ಒಂದು ಪಕ್ಕದಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಪಕ್ಕ ಬರಿದಾಗುತ್ತದೆ. ನೇತ್ರಾವತಿಯಂಥ ನದಿಗಳ ಮರಳನ್ನು ಮೇಲೆಯೇ ಬಗೆದು ಒಯ್ದರೆ ಕಡಲಿಗೆ ಬರುವ ಪಾಲೂ ತಗ್ಗುತ್ತದೆ.

ಪುದುಚೇರಿಯಲ್ಲಿ 1980ರ ದಶಕದಲ್ಲಿ ಬಂದರಿನ ಒಡ್ಡು ಬಂದ ಮೇಲೆ ಊರ ಮುಂದಿನ ಬೀಚೇ ಕರಗಿತ್ತು. ನೀರಿನಡಿ ಒಡ್ಡು ಕೂರಿಸಿ, ಬಂದರಿನಲ್ಲಿ ಎತ್ತಿದ ಹೂಳುಮರಳನ್ನು ತೀರಕ್ಕೆ ಹಾಕಿದಾಗ ದಂಡೆ ಮತ್ತೆ ಕಂಡಿತು. ನಮ್ಮ ಅಳಿವೆಗಳಲ್ಲಿ ತೆಗೆಯುವ ಹೂಳುಮರಳನ್ನೂ ಬರಿದಾದ ದಂಡೆಗಳಿಗೇ ಹಾಕಬೇಕು. ಮನೆ ಬೀಳುವ ಸ್ಥಿತಿಯಲ್ಲಿರುವವರಿಗೆ ಕಲ್ಲು ಬೇಡ ಎನ್ನುವಷ್ಟು ಕಠಿಣಳಲ್ಲ ನಾನು. ಆದರೆ ಟೆಂಡರ್ ಕರೆಯುವ ಮೊದಲು ಆ ಜಾಗದ ಮರಳು ಎಲ್ಲಿಗೆ ಹೋಯಿತೆಂದು ಬರವಣಿಗೆಯಲ್ಲಿ ಉತ್ತರ ಇರಲಿ, ಗೋಡೆಯ ತುದಿಯಲ್ಲಿರುವ ಮನೆಗಳ ಗತಿಯೂ ಅದರಲ್ಲಿ ಇರಲಿ.

ನಿಮ್ಮಲ್ಲೂ ಒಂದು ಕೋರಿಕೆ. ಜೂನ್‌ನಲ್ಲಿ ಕುಸಿದ ಮನೆಯ ಚಿತ್ರ ತೆಗೆದ ಜಾಗಕ್ಕೇ ನಿಮ್ಮ ವರದಿಗಾರರು ಡಿಸೆಂಬರಿನಲ್ಲೂ ಹೋಗಲಿ. ಗೋಡೆಯಿದ್ದಲ್ಲಿ ಎಷ್ಟು ಮರಳು ವಾಪಸ್ ಬಂದಿದೆ, ಇಲ್ಲದಲ್ಲಿ ಎಷ್ಟು ಎಂದು ಎರಡೂ ಚಿತ್ರ ಪಕ್ಕಪಕ್ಕ ಹಾಕಿ.

– ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ, ಮಲ್ಲೇಶ್ವರ, ಬೆಂಗಳೂರು