ಮೊದಲು ಸಿಪ್ಪೆಗೊಂದು ಸೂರು ಕಟ್ಟು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ಬೆಂಗಳೂರಿನ ಕೆಲಸ ಬಿಟ್ಟು ಮಂಡ್ಯಕ್ಕೆ ಬರುತ್ತೇನೆ, ಪರಿಸರ ಕೆಡಿಸದ ಒಂದು ಸಣ್ಣ ಆಲೆಮನೆ ಹಾಕುತ್ತೇನೆ ಅಂತ ಬರೆದಿದ್ದೀಯ. ನಮ್ಮ ಸುತ್ತಮುತ್ತ ಆಲೆಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವಾಗ ಹೊಸದಾಗಿ ಒಲೆ ಹಚ್ಚುತ್ತೇನೆ ಅನ್ನುವವರು ಎಷ್ಟು ಜನ ಇದ್ದಾರೆ ಹೇಳು. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಬೆಲ್ಲದ ಕೆಲಸ ನಡೆದುಕೊಂಡು ಬಂದಿದೆ. ಹಾಗಾಗಿ ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟನ್ನು ಮನಸ್ಸು ಬಿಚ್ಚಿ ಬರೆಯುತ್ತೇನೆ.

ನಿನ್ನ ಪಟ್ಟಿ ನೋಡಿದೆ. ಸ್ಟೀಲ್ ಕೊಪ್ಪರಿಗೆ ಇದೆ, ಚಂದದ ಡಬ್ಬಿ ಇದೆ, ಲೋಗೋ ಇದೆ, ವೆಬ್‌ಸೈಟ್ ಇದೆ. ಕಬ್ಬಿನ ಸಿಪ್ಪೆ ನೆನೆಯದ ಹಾಗೆ ಇಡುವುದಕ್ಕೆ ಒಂದು ಸೂರು ಮಾತ್ರ ಇಲ್ಲ. ನನ್ನ ಕೇಳಿದರೆ ನಿನ್ನ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ ಕಣೋ.

ಲೆಕ್ಕ ನೋಡು. ಒಂದು ಟನ್ ಕಬ್ಬು ಅರೆದರೆ ಸುಮಾರು 600ರಿಂದ 650 ಕಿಲೋ ಹಾಲು, ಅಂದರೆ ಕಬ್ಬಿನ ರಸ, ಸಿಗುತ್ತದೆ. ಅದರಿಂದ ಆಗುವ ಬೆಲ್ಲ 100ರಿಂದ 120 ಕಿಲೋ. ಮಿಕ್ಕಿದ್ದರಲ್ಲಿ ಹೆಚ್ಚೂಕಡಿಮೆ 500 ಕಿಲೋ ನೀರು ಆವಿಯಾಗಿ ಹೋಗಲೇಬೇಕು. ಅಂದರೆ ಬೆಲ್ಲ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ನೀರು ಕಾಯಿಸುವ ಕೆಲಸವೇ. ಪರಿಸರಕ್ಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆ ಒಲೆಗೆ ಏನು ಹಾಕುತ್ತೀಯ ಅನ್ನುವುದರ ಮೇಲೆ ನಿಂತಿದೆ.

ದೇವರು ಕೊಟ್ಟ ಹಾಗೆ ಉರುವಲು ಕಬ್ಬಿನ ಜೊತೆಗೇ ಬರುತ್ತದೆ. ಗಾಣದಿಂದ ಆಚೆ ಬೀಳುವ ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಅದೇ ಕಬ್ಬಿನ ಹಾಲು ಕಾಯಿಸಲು ಸಾಕು, ಒಲೆ ಸರಿಯಾಗಿರಬೇಕು ಅಷ್ಟೇ. ತೊಂದರೆ ಏನೆಂದರೆ ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧ ತೂಕ ನೀರೇ ಇರುತ್ತದೆ. ಎರಡು ಮೂರು ದಿನ ಒಳ್ಳೆಯ ಬಿಸಿಲು ಬೇಕು. ಒಣಗಲು ಹರಡಿದ್ದರ ಮೇಲೆ ಒಂದು ಮಳೆ ಬಿದ್ದರೆ ಮುಗಿಯಿತು. ಹಸಿ ಸಿಪ್ಪೆ ಹೊಗೆ ಕಾರುತ್ತದೆ, ಉರಿಯುವುದಿಲ್ಲ. ಇತ್ತ ಕಡಿದು ತಂದ ಕಬ್ಬು ಕಾಯುವುದಿಲ್ಲ. ಒಂದು ದಿನದೊಳಗೆ ಅರೆಯದಿದ್ದರೆ ಒಳಗಿನ ಸಕ್ಕರೆ ಒಡೆಯುತ್ತಾ ಹೋಗಿ ಬೆಲ್ಲ ಗಟ್ಟಿ ಕೂರುವುದಿಲ್ಲ. ಆ ಹೊತ್ತಿಗೆ ಯಾರೋ ಒಬ್ಬರು ಹಳೆ ಟೈರ್ ತುಂಬಿದ ಗಾಡಿ ತಂದು ನಿಲ್ಲಿಸುತ್ತಾರೆ. ಅಗ್ಗ, ಉರಿಯೂ ಜೋರು. ನಮ್ಮ ಜಿಲ್ಲೆಯ ಕೆಲವು ಆಲೆಮನೆಗಳಲ್ಲಿ ಟೈರ್, ಪ್ಲಾಸ್ಟಿಕ್ ಕಸ ಉರಿಸುವುದು ಹೀಗೆ ಶುರುವಾಗುತ್ತದೆ. ಆ ಕಪ್ಪು ಹೊಗೆ ಪಕ್ಕದ ಹಟ್ಟಿಗೆ ಹೋಗುತ್ತದೆ, ಶಾಲೆಗೆ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಒಲೆ ಬಾಯಲ್ಲಿ ಕೂತು ಉರಿ ಹಾಕುವವನ ಎದೆಗೆ ಹೋಗುತ್ತದೆ.

ಅದಕ್ಕೇ ಸೂರು ಅಂದದ್ದು. ನಾಲ್ಕು ಕಡೆ ಗಾಳಿಯಾಡುವ, ಮೇಲೆ ಶೀಟ್ ಹೊದಿಸಿದ, ನೆಲ ಸ್ವಲ್ಪ ಎತ್ತರಿಸಿದ ಒಂದು ದೊಡ್ಡ ಚಪ್ಪರ. ಬೇಸಿಗೆಯಲ್ಲೇ ಒಣ ಸಿಪ್ಪೆ ಪೇರಿಸಿಟ್ಟರೆ ಮಳೆಗಾಲದಲ್ಲಿ ಯಾರ ಟೈರಿಗೂ ಕೈಚಾಚಬೇಕಿಲ್ಲ. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ ಇರಲಿ. ಒಣ ಸಿಪ್ಪೆಗೆ ಕಿಡಿ ಬಿದ್ದರೆ ನಿಲ್ಲಿಸುವುದು ಕಷ್ಟ, ಅದಕ್ಕೆ ಒಲೆಯಿಂದ ದೂರವೇ ಕಟ್ಟು.

ಸೂರಿನ ನಂತರ ಒಲೆ. ಹಳೆ ಒಲೆಯಲ್ಲಿ ಅರ್ಧಕ್ಕರ್ಧ ಬಿಸಿ ಸುಮ್ನೆ ಆಕಾಶಕ್ಕೆ ಹೋಗುತ್ತದೆ. ಎರಡು ಕೊಪ್ಪರಿಗೆ ಸಾಲಾಗಿ ಕೂರಿಸುವ ಒಲೆಯಲ್ಲಿ ಹೊಗೆ ಕೊಳವೆ ಕಡೆಗೆ ಹೋಗುವ ಬಿಸಿಯಲ್ಲೇ ಎರಡನೆಯದರ ಹಾಲು ಕಾಯುತ್ತದೆ. ಸಿಪ್ಪೆ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಕೊಳವೆ ಎತ್ತರವಾಗಿರಲಿ. ಒಲೆ ಕಟ್ಟಿಸುವ ಮೊದಲು ವಿ.ಸಿ. ಫಾರಂಗೆ ಹೋಗಿ ಬಾ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದವರು ಕಬ್ಬು, ಬೆಲ್ಲ ಎರಡರ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೆಲ್ಲಕ್ಕೆ ಯಾವ ತಳಿ ಚೆನ್ನ ಅಂತಲೂ ಅಲ್ಲೇ ಕೇಳು. ನಮ್ಮ ಕಡೆಯ ರೈತರು ಸಿಒ 62175 ಅನ್ನುವ ತಳಿಯನ್ನು ತುಂಬಾ ವರ್ಷದಿಂದ ಬೆಳೆಯುತ್ತಿದ್ದಾರೆ.

ಇನ್ನು ಕಬ್ಬು. ಇದು ಜಾಸ್ತಿ ನೀರು ಕುಡಿಯುವ ಬೆಳೆ, ಅದನ್ನು ಮರೆತು ಪರಿಸರದ ಮಾತಾಡುವುದಕ್ಕೆ ಆಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದೇ ಹೋದಾಗ ಮಂಡ್ಯದ ರೈತರು ಬೀದಿಗೆ ಬಂದದ್ದು ನಿನಗೂ ನೆನಪಿರಬೇಕು. ಹಾಗಾಗಿ ಕಬ್ಬು ಕೊಳ್ಳುವಾಗ ತೂಕ, ಬೆಲೆ ಮಾತ್ರ ಕೇಳಬೇಡ. ಕಟಾವು ಆದಮೇಲೆ ಉಳಿದ ಒಣ ಎಲೆಗೆ, ಅಂದರೆ ತರಗಿಗೆ ಬೆಂಕಿ ಇಡುತ್ತಾರಾ, ಇಲ್ಲ ಸಾಲಿನ ಮಧ್ಯೆ ಮುಚ್ಚಿಗೆ ಹಾಕುತ್ತಾರಾ ಅಂತ ಕೇಳು. ತರಗು ಹೊದಿಸಿದ ಕೂಳೆ ಬೆಳೆಯಲ್ಲಿ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿನಲ್ಲಿ) ನೆಲದ ತೇವ ಬೇಗ ಆರುವುದಿಲ್ಲ, ಕಳೆಯೂ ಕಡಿಮೆ. ಅಂಥವರಿಗೆ, ಹನಿ ನೀರಾವರಿ ಮಾಡಿಕೊಂಡವರಿಗೆ ಟನ್ನಿಗೆ ಸ್ವಲ್ಪ ಹೆಚ್ಚೇ ಕೊಡು. ಒಂದಿಬ್ಬರಿಗೆ ಕೊಟ್ಟು ನೋಡು, ಪಕ್ಕದ ಹೊಲದವರು ತಾವಾಗೇ ಬಂದು ಕೇಳುತ್ತಾರೆ. ಒಲೆಯ ಬೂದಿ ಮತ್ತು ಹಾಲಿನ ಮೇಲೆ ತೆಗೆದ ಮಡ್ಡಿ ಅದೇ ಹೊಲಗಳ ಗೊಬ್ಬರದ ಗುಂಡಿಗೆ ವಾಪಸ್ ಹೋಗಲಿ.

ಈಗ ಬಣ್ಣದ ವಿಷಯ. ನಿನಗೆ ನಿಜವಾದ ಕಷ್ಟ ಬರುವುದು ಇಲ್ಲಿ. ಮಾರುಕಟ್ಟೆಯಲ್ಲಿ ಬೆಲ್ಲವನ್ನು ಮೊದಲು ಕಣ್ಣಿಂದಲೇ ಕೊಳ್ಳುತ್ತಾರೆ. ಬಂಗಾರದ ಬಣ್ಣ ಇದ್ದರೆ ಹರಾಜಿನಲ್ಲಿ ಬೆಲೆ ಏರುತ್ತದೆ, ಕಂದು ಬಣ್ಣ ಇದ್ದರೆ ಇಳಿಯುತ್ತದೆ. ಅದಕ್ಕೇ ಹಾಲಿಗೆ ಹೈಡ್ರೋಸ್ ಹಾಕುತ್ತಾರೆ, ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ ಪುಡಿ ಅದು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಪಾಲು) ದಾಟಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಆದರೆ ಕೈ ಅಂದಾಜಿನಲ್ಲಿ ಪುಡಿ ಸುರಿಯುವ ಕಡೆ ಆ ಮಿತಿ ಎಲ್ಲಿ ಉಳಿಯುತ್ತದೆ? ಹಾಗೆ ಬಂದ ಬಣ್ಣವಾದರೂ ನಿಲ್ಲುತ್ತದಾ ಅಂದರೆ ಅದೂ ಇಲ್ಲ, ಇಟ್ಟಲ್ಲೇ ಮಂಕಾಗುತ್ತಾ ಹೋಗುತ್ತದೆ. ಸಕ್ಕರೆ ಅಗ್ಗವಾದಾಗ ಅದನ್ನು ಪಾಕಕ್ಕೆ ಸುರಿಯುವವರೂ ಇದ್ದಾರೆ. ಅದನ್ನು ಬೆಲ್ಲ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೈಡ್ರೋಸ್ ಇಲ್ಲದೆಯೂ ಒಳ್ಳೆಯ ಬೆಲ್ಲ ಆಗುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ. ಆ ಲೋಳೆ ಕಾಯುತ್ತಿರುವ ಹಾಲಿಗೆ ಬಿದ್ದರೆ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಜಾಲರಿಯಲ್ಲಿ ಎತ್ತಿ ಹಾಕುತ್ತಾ ಇರಬೇಕು, ಇದಕ್ಕೆ ತಾಳ್ಮೆ ಬೇಕು. ಹಾಲಿನ ಹುಳಿ ಮುರಿಯಲು ತಿಳಿ ಸುಣ್ಣ, ಅದೂ ಅಳತೆ ಮಾಡಿ. ನೊರೆ ಉಕ್ಕಿದರೆ ಎರಡು ಹನಿ ಹರಳೆಣ್ಣೆ. ಪಾಕ 116ರಿಂದ 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿದರೆ ಅಚ್ಚು ಗಟ್ಟಿಯಾಗಿ ಕೂರುತ್ತದೆ. 105ರ ಆಸುಪಾಸಿನಲ್ಲೇ ಇಳಿಸಿದರೆ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ. ಹೊಸಬನಾದ ನಿನಗೆ ಒಂದು ಥರ್ಮಾಮೀಟರ್ ಇರಲಿ, ಪಳಗಿದವರಿಗೆ ನೀರಿಗೆ ಬಿಟ್ಟ ಒಂದು ಹನಿ ಪಾಕವೇ ಎಲ್ಲ ಹೇಳುತ್ತದೆ. ಮೊದಲ ಕೆಲವು ಕೊಪ್ಪರಿಗೆ ಆದಮೇಲೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಒಂದು ಮಾದರಿ ಪರೀಕ್ಷೆ ಮಾಡಿಸು. 1950ರಿಂದ ಆಹಾರದ ಕೆಲಸದಲ್ಲೇ ಇರುವ ಸಂಸ್ಥೆ ಅದು. ಆ ವರದಿ ನಿನ್ನ ಕೈಯಲ್ಲಿದ್ದರೆ ಅಂಗಡಿಯವರ ಮುಂದೆ ಧೈರ್ಯವಾಗಿ ಮಾತಾಡಬಹುದು.

ಕಂದು ಬೆಲ್ಲವನ್ನು ಹರಾಜಿಗೆ ಒಯ್ದು ನಿರಾಸೆಯಾಗಬೇಡ. ಅದರ ಗಿರಾಕಿ ಬೇರೆ. ಮೈಸೂರಲ್ಲಿ ಸಾವಯವ ಅಂಗಡಿಗಳಿವೆ, ಕಾಂಡಿಮೆಂಟ್ಸ್ ಮಾಡುವ ಸಣ್ಣ ಮನೆಗಳಿವೆ, ಪಾಯಸಕ್ಕೆ ಹೋಳಿಗೆಗೆ ಬೆಲ್ಲವೇ ಬೇಕು ಅನ್ನುವ ಅಡುಗೆಯವರಿದ್ದಾರೆ. ಅವರಿಗೆ ಬೆಲ್ಲ ತಿನ್ನಿಸು, ಆಲೆಮನೆಗೆ ಕರೆದು ಒಲೆ ತೋರಿಸು. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ, ಯುಗಾದಿಗೆ ಮೊದಲೇ ಕೇಳಿಟ್ಟುಕೊಂಡು ಅಷ್ಟೇ ಮಾಡು. ದೂರದ ಊರಿಗೆ ಕೊರಿಯರ್ ಮಾಡುವ ಯೋಚನೆ ಆಮೇಲೆ ಇರಲಿ. ಮೈಸೂರು, ಮಂಡ್ಯದಲ್ಲೇ ಖರ್ಚಾಗುವಷ್ಟು ಬೆಲ್ಲ ಸಾಕು ನಿನಗೆ.

ದುಡ್ಡಿನ ಮಾತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಕ್ಕರೆ ಕಾರ್ಖಾನೆಗಳಿಗೆ ಗೊತ್ತು ಮಾಡಿದ ಕಬ್ಬಿನ ಬೆಲೆ ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ರೈತ ನಿನಗೆ ಕಬ್ಬು ಕೊಡುವಾಗ ಅದನ್ನೇ ತಾನೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು? ಆ ಲೆಕ್ಕದಲ್ಲಿ ಒಂದು ಕಿಲೋ ಬೆಲ್ಲಕ್ಕೆ ಕಬ್ಬಿನ ಖರ್ಚೇ 30ರಿಂದ 35 ರೂಪಾಯಿ. ಕಟಾವು, ಸಾಗಣೆ, ಕೂಲಿ, ಕರೆಂಟು, ಬ್ಯಾಂಕ್ ಬಡ್ಡಿ ಇನ್ನೂ ಸೇರಿಲ್ಲ. ಬೆಲೆ ಹೇಳುವಾಗ ಸಂಕೋಚ ಪಡಬೇಡ. ಕಡಿಮೆ ಬೆಲೆಗೆ ಮಾರಲು ಹೊರಟವರೇ ಕೊನೆಗೆ ಟೈರು, ಸಕ್ಕರೆ, ಹೈಡ್ರೋಸ್ ಕಡೆ ನೋಡುವುದು.

ಸಹಾಯಧನವೂ ಸಿಗಬಹುದು. 2020ರಲ್ಲಿ ಸಣ್ಣ ಆಹಾರ ಉದ್ದಿಮೆಗಳಿಗೆ ಅಂತ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ, ಜಿಲ್ಲೆಗೊಂದು ಉತ್ಪನ್ನ ಅಂತ ಮಂಡ್ಯಕ್ಕೆ ಆರಿಸಿದ್ದೇ ಬೆಲ್ಲ. ಒಟ್ಟು ವೆಚ್ಚದಲ್ಲಿ ಕೇಂದ್ರದ್ದು ಶೇ 35, ಅದರ ಮೇಲೆ ನಮ್ಮ ರಾಜ್ಯದ್ದು ಶೇ 15 ಸೇರಿ ಅರ್ಧದಷ್ಟು, ಗರಿಷ್ಠ 15 ಲಕ್ಷ ಅಂತ ಯೋಜನೆಯಲ್ಲಿದೆ. ಆದರೆ ಇದು ಸಾಲದ ಜೊತೆ ಬರುವ ದುಡ್ಡು. ಮೊದಲು ಬ್ಯಾಂಕ್ ಸಾಲ ಕೊಡಬೇಕು, ಸಹಾಯಧನ ಮೂರು ವರ್ಷ ಖಾತೆಯಲ್ಲೇ ಇದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನೇ ನಂಬಿ ದೊಡ್ಡ ಯಂತ್ರಕ್ಕೆ ಕೈಹಾಕಬೇಡ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ದಲ್ಲಾಳಿಗೆ ದುಡ್ಡು ಕೊಡಬೇಡ. ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸು.

ಪ್ಯಾಕಿಂಗ್ ಬಗ್ಗೆ ನೀನು ಬರೀ ಕಾಗದ ಅಂದಿದ್ದೀಯ. ಆಸೆ ಒಳ್ಳೆಯದೇ, ಆದರೆ ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಗದದೊಳಗೆ ನೀರೊಡೆದು ಬೂಷ್ಟು ಹಿಡಿಯುತ್ತದೆ. ಹಾಗೆ ಹಾಳಾದ ಬೆಲ್ಲಕ್ಕೆ ಹೋದ ನೀರು, ಬೆಂಕಿ, ಬೆವರು ಎಲ್ಲವೂ ದಂಡ. ಅಂಗಡಿಗಳಿಗೆ ಮುಚ್ಚಳ ಬಿಗಿಯಾಗಿರುವ ದೊಡ್ಡ ಸ್ಟೀಲ್ ಡಬ್ಬ ಕೊಡು. ಖಾಲಿಯಾದ ಡಬ್ಬ ವಾಪಸ್ ತಾ, ತೊಳೆದು ಒಣಗಿಸಿ ಮತ್ತೆ ತುಂಬು. ಗಿರಾಕಿ ತನ್ನ ಡಬ್ಬಿಯಲ್ಲಿ ತೂಗಿಸಿಕೊಂಡು ಹೋಗಲಿ. ಜೋನಿ ಬೆಲ್ಲಕ್ಕೆ ಗಾಜಿನ ಬಾಟಲಿ, ಬಾಟಲಿ ತಂದವರಿಗೆ ಬೆಲೆಯಲ್ಲಿ ಕಡಿತ. ಕಾಗದದ ಪೊಟ್ಟಣ ಬೇಕೇ ಬೇಕು ಅನ್ನುವುದಾದರೆ ಬೇಸಿಗೆಯ ತಿಂಗಳುಗಳಿಗೆ ಮಾತ್ರ ಇಟ್ಟುಕೋ.

ನಿನ್ನ ಪತ್ರದಲ್ಲಿ ಆಳುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಈಗ ನಮ್ಮ ಕಡೆ ಎಷ್ಟೋ ಆಲೆಮನೆಗಳಲ್ಲಿ ಕೆಲಸ ಮಾಡುವವರು ಉತ್ತರ ಪ್ರದೇಶ, ಬಿಹಾರದಿಂದ ಬಂದವರು. ಕುಟುಂಬ ಬಿಟ್ಟು ಬಂದು ಒಲೆಯ ಪಕ್ಕದಲ್ಲೇ ಮಲಗುತ್ತಾರೆ. ನಿನ್ನ ಆಲೆಮನೆಯಲ್ಲಿ ಅವರಿಗೆ ಹೊಗೆ ಬರದ ಕಡೆ ಒಂದು ಕೋಣೆ, ಸ್ನಾನಕ್ಕೆ ನೀರು, ಶೌಚಾಲಯ ಮೊದಲೇ ಇರಲಿ. ಗಾಣಕ್ಕೆ ಕೈ ಸಿಕ್ಕಿಕೊಳ್ಳದ ಹಾಗೆ ತಡೆ ಹಾಕಿಸು. ಸಿಪ್ಪೆ ಒಣಗಿಸುವುದು, ಮಡ್ಡಿ ತೆಗೆಯುವುದು ಎಲ್ಲ ಸಾವಕಾಶದ ಕೆಲಸ. ಅದಕ್ಕೆ ಇಷ್ಟು ಕೊಪ್ಪರಿಗೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಬೇಡ, ದಿನದ ಕೂಲಿ ಮಾತಾಡು. ಗುತ್ತಿಗೆಯಲ್ಲಿ ಎಲ್ಲರಿಗೂ ಅವಸರ.

ನಮ್ಮಲ್ಲಿ ಪಾಕ ನೋಡುವ ಅಣ್ಣ ಒಬ್ಬರಿದ್ದಾರೆ, ಬೆಂಡೆ ಲೋಳೆಯಲ್ಲೇ ಕೆಲಸ ಕಲಿತವರು. ಮುಂದಿನ ಹಂಗಾಮಿಗೆ ಒಂದು ತಿಂಗಳು ನಿನಗೆ ಕಲಿಸಿಕೊಡುತ್ತೀರಾ ಅಂತ ಕೇಳಿದ್ದೇನೆ. ಆಗಲಿ ಅಂದಿದ್ದಾರೆ, ಆದರೆ ನೀನೇ ಬಂದು ಕೂಲಿ, ಊಟ, ಇರುವ ಜಾಗ ಎಲ್ಲ ಮಾತಾಡಬೇಕಂತೆ. ದಸರಾ ರಜೆಯಲ್ಲಿ ಬಾ, ಎರಡು ದಿನ ಉಳಿದುಕೊಳ್ಳುವ ಹಾಗೆ ಬಾ.

ಇಂತಿ ನಿನ್ನ ಗೆಳೆಯ